ತಾರಾಮೌಲ್ಯದ ಬೆಲೆ ತೆರುವವರು ಯಾರು?

ಮಾರುಕಟ್ಟೆಯ ಸರಕುಗಳ ಪೈಕಿ ಚಲನಚಿತ್ರವು ವಿಶಿಷ್ಟವಾದುದು. ಅಕ್ಕಿಯನ್ನು ಕೊಳ್ಳುವವನು ಅದನ್ನು ಅಂಗೈಯಲ್ಲಿ ಹರಡಿ ನೋಡಬಲ್ಲ. ಬಟ್ಟೆಯನ್ನು ಕೊಳ್ಳುವವನು ನೇಯ್ಗೆಯನ್ನು ತಡವಿ ಪರೀಕ್ಷಿಸಬಲ್ಲ. ಚಿತ್ರದ ಗ್ರಾಹಕನಾದರೋ ಸರಕನ್ನು ನೋಡುವ ಮುನ್ನವೇ ಪೂರ್ಣ ಬೆಲೆ ತೆತ್ತು ಒಳಗೆ ಹೋಗಬೇಕು. ಮೆಚ್ಚುಗೆಯಾಗದಿದ್ದರೆ ಹಿಂದಿರುಗಿಸುವ ಅವಕಾಶವಿಲ್ಲ. ಅವನಿಗಿಂತ ಎಷ್ಟೋ ತಿಂಗಳು ಮೊದಲು ಹಂಚಿಕೆದಾರನು, ಚಿತ್ರೀಕರಣವೇ ಪೂರ್ಣಗೊಳ್ಳದಿರುವಾಗ, ತನ್ನ ಪ್ರದೇಶದ ಹಕ್ಕಿಗಾಗಿ ಹಣ ಕೊಟ್ಟಿರುತ್ತಾನೆ. ಅವನಿಗೂ ಮೊದಲು ಸಾಲಗಾರನು ನಿರ್ಮಾಪಕನ ಮಾತನ್ನು ನಂಬಿ ಹಣ ಬಿಟ್ಟಿರುತ್ತಾನೆ. ಹೀಗೆ ಕಾಣದ ಸರಕಿಗೆ ಹಣ ಹೂಡುವ ಸರಪಳಿಯಲ್ಲಿ ಪ್ರತಿಯೊಬ್ಬನಿಗೂ ಒಂದು ಭರವಸೆ ಬೇಕಾಗುತ್ತದೆ. ಚಿತ್ರೋದ್ಯಮದಲ್ಲಿ ಆ ಭರವಸೆಯ ಹೆಸರೇ ತಾರೆ.

ತಾರೆಯ ಸಂಭಾವನೆ ಎಷ್ಟೆಂಬುದನ್ನು ಕುರಿತು ಪತ್ರಿಕೆಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಆದರೆ ಆ ಮೊತ್ತವನ್ನು ಅಂತಿಮವಾಗಿ ಯಾರು ಭರಿಸುತ್ತಾರೆ, ಚಿತ್ರ ಸೋತಾಗ ನಷ್ಟವು ಯಾರ ಖಾತೆಗೆ ಬೀಳುತ್ತದೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ವ್ಯಾಪಾರಿಗೂ ಸಣ್ಣ ಉದ್ದಿಮೆದಾರನಿಗೂ ಉಪಯುಕ್ತವಾದ ಪ್ರಶ್ನೆ ಇದೇ ಆಗಿದೆ.

ಹೆಸರೇ ಇಲ್ಲದ ನಟರು

ಅಮೆರಿಕದ ಆರಂಭಕಾಲದ ಚಿತ್ರ ತಯಾರಕರು ನಟರ ಹೆಸರನ್ನು ಪ್ರಕಟಿಸುತ್ತಿರಲಿಲ್ಲ. ಹೆಸರು ತಿಳಿದರೆ ಕೂಲಿ ಏರುತ್ತದೆಂಬ ಭಯ ಅದಕ್ಕೆ ಒಂದು ಕಾರಣವಾಗಿತ್ತು. ಚಿತ್ರವನ್ನು ಅಡಿಗಳ ಲೆಕ್ಕದಲ್ಲಿ, ಕಂಪನಿಯ ಮುದ್ರೆಯ ಮೇಲೆ ಮಾರುವುದು ಅಂದಿನ ರೂಢಿ. ಬಯೋಗ್ರಾಫ್ ಕಂಪನಿಯ ಚಿತ್ರಗಳಲ್ಲಿ ಕಾಣಿಸಿಕೊಳ್ಳುತ್ತಿದ್ದ ಫ್ಲಾರೆನ್ಸ್ ಲಾರೆನ್ಸ್ ಎಂಬ ನಟಿಯನ್ನು ಪ್ರೇಕ್ಷಕರು ‘ಬಯೋಗ್ರಾಫ್ ಹುಡುಗಿ’ ಎಂದೇ ಗುರುತಿಸುತ್ತಿದ್ದರು. ಕಾರ್ಲ್ ಲೆಮ್ಲ್ ಎಂಬ ವರ್ತಕನು ಆಕೆಯನ್ನು ತನ್ನ ಕಂಪನಿಗೆ ಸೇರಿಸಿಕೊಂಡು, 1910ರ ಮಾರ್ಚ್‌ನಲ್ಲಿ ವೃತ್ತಿಪತ್ರಿಕೆಯೊಂದರಲ್ಲಿ ಜಾಹೀರಾತು ನೀಡಿದನು. ಆ ನಟಿ ಅಪಘಾತದಲ್ಲಿ ಮಡಿದಳೆಂಬ ಸುದ್ದಿ ಶುದ್ಧ ಸುಳ್ಳೆಂದೂ, ಆಕೆ ತನ್ನ ಚಿತ್ರಗಳಲ್ಲಿ ಅಭಿನಯಿಸುತ್ತಿದ್ದಾಳೆಂದೂ ಅದರಲ್ಲಿ ಸಾರಿದನು. ಆ ಸುಳ್ಳು ಸುದ್ದಿಯನ್ನು ಹುಟ್ಟಿಸಿದವನೂ ಅವನೇ ಎಂಬ ಮಾತು ಉಂಟು. ಅದೇನೇ ಇರಲಿ, ಕಂಪನಿಯ ಮುದ್ರೆಗೆ ಬದಲಾಗಿ ನಟಿಯ ಹೆಸರನ್ನು ಮುಂದಿಟ್ಟು ವ್ಯಾಪಾರ ಮಾಡಬಹುದೆಂಬುದು ಉದ್ಯಮಕ್ಕೆ ಮನವರಿಕೆಯಾಯಿತು.

ತಯಾರಕರ ಭಯ ನಿಜವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಚಾರ್ಲಿ ಚಾಪ್ಲಿನ್ 1914ರಲ್ಲಿ ಕೀಸ್ಟೋನ್ ಕಂಪನಿಯಲ್ಲಿ ವಾರಕ್ಕೆ 150 ಡಾಲರ್ ಪಡೆಯುತ್ತಿದ್ದನು. 1915ರಲ್ಲಿ ಎಸ್ಸನೇ ಕಂಪನಿ ವಾರಕ್ಕೆ 1,250 ಡಾಲರ್ ಕೊಟ್ಟಿತು. 1916ರಲ್ಲಿ ಮ್ಯೂಚುಯಲ್ ಕಂಪನಿ ವಾರಕ್ಕೆ 10,000 ಡಾಲರ್ ನೀಡಿದುದಲ್ಲದೆ 1,50,000 ಡಾಲರ್‌ಗಳ ಹೆಚ್ಚುವರಿ ಮೊತ್ತವನ್ನೂ ಒಪ್ಪಿಕೊಂಡಿತು. 1917ರಲ್ಲಿ ಎಂಟು ಚಿತ್ರಗಳಿಗೆ ಹತ್ತು ಲಕ್ಷ ಡಾಲರ್‌ಗಳ ಒಪ್ಪಂದವಾಯಿತು. ಎರಡು ವರ್ಷಗಳ ಅವಧಿಯಲ್ಲಿ ವಾರದ ಕೂಲಿ ಅರವತ್ತು ಪಟ್ಟಿಗೂ ಮೀರಿ ಏರಿದ ಉದಾಹರಣೆ ಬೇರೆ ಯಾವ ಕಸುಬಿನಲ್ಲಿಯೂ ಸುಲಭವಾಗಿ ದೊರೆಯಲಾರದು.

ಮೇರಿ ಪಿಕ್‌ಫರ್ಡ್‌ಳ ಪ್ರಸಂಗ ವರ್ತಕರಿಗೆ ಇನ್ನೂ ಹೆಚ್ಚು ಬೋಧಪ್ರದವಾಗಿದೆ. ಅಡಾಲ್ಫ್ ಜೂಕರನ ಸಂಸ್ಥೆ ತನ್ನ ಚಿತ್ರಗಳನ್ನು ಒಟ್ಟಿಗೆ ಒಂದು ಕಟ್ಟಾಗಿ ಮಾರುತ್ತಿತ್ತು. ಪಿಕ್‌ಫರ್ಡ್‌ಳ ಚಿತ್ರ ಬೇಕೆನ್ನುವ ಚಿತ್ರಮಂದಿರದವನು ಅದರ ಜೊತೆಗೆ ಬೇಡದ ಚಿತ್ರಗಳನ್ನೂ ಕೊಳ್ಳಬೇಕಾಗಿತ್ತು. ಹಬ್ಬದ ಕಾಲದಲ್ಲಿ ಓಡುವ ಸರಕಿನೊಡನೆ ಓಡದ ಸರಕನ್ನೂ ಅಂಗಡಿಯವನ ತಲೆಗೆ ಕಟ್ಟುವ ಸಗಟು ವ್ಯಾಪಾರದ ಪದ್ಧತಿ ನಮ್ಮ ಓದುಗರಿಗೆ ಅಪರಿಚಿತವೇನಲ್ಲ. ತನ್ನ ಹೆಸರಿನ ಬಲದಿಂದ ಇತರರ ಚಿತ್ರಗಳು ಮಾರಾಟವಾಗುತ್ತಿವೆ ಎಂಬುದನ್ನು ಅರಿತ ಪಿಕ್‌ಫರ್ಡ್ 1916ರಲ್ಲಿ ಹೊಸ ಕರಾರು ಮಾಡಿಸಿಕೊಂಡಳು. ವಾರಕ್ಕೆ 10,000 ಡಾಲರ್ ಹಾಗೂ ಲಾಭದಲ್ಲಿ ಅರ್ಧ ಪಾಲು ಆಕೆಗೆ ದೊರೆಯಿತು. ಆಕೆಯ ಚಿತ್ರಗಳನ್ನು ಪ್ರತ್ಯೇಕವಾಗಿ ಹೆಚ್ಚಿನ ದರಕ್ಕೆ ಮಾರಲು ಆರ್ಟ್‌ಕ್ರಾಫ್ಟ್ ಎಂಬ ಅಂಗಸಂಸ್ಥೆಯೇ ಹುಟ್ಟಿಕೊಂಡಿತು.

ಹೆಚ್ಚಿನ ದರ ತೆರಬೇಕಾದವನು ಚಿತ್ರಮಂದಿರದ ಮಾಲೀಕನು. ಅವನೂ ಕೈಕಟ್ಟಿ ಕೂರಲಿಲ್ಲ. 1917ರಲ್ಲಿ ಮಾಲೀಕರು ಒಗ್ಗೂಡಿ ಫಸ್ಟ್ ನ್ಯಾಷನಲ್ ಎಂಬ ಸಂಸ್ಥೆ ಸ್ಥಾಪಿಸಿ, ತಾರೆಯರೊಡನೆ ನೇರವಾಗಿ ಕರಾರು ಮಾಡಿಕೊಂಡರು. ಚಾಪ್ಲಿನ್‌ಗೆ ಹತ್ತು ಲಕ್ಷ ಡಾಲರ್ ಕೊಟ್ಟವರು ಇವರೇ. ಇದಾದ ಎರಡು ವರ್ಷಕ್ಕೆ, 1919ರ ಫೆಬ್ರವರಿಯಲ್ಲಿ, ಚಾಪ್ಲಿನ್, ಪಿಕ್‌ಫರ್ಡ್, ಡಗ್ಲಾಸ್ ಫೇರ್‌ಬ್ಯಾಂಕ್ಸ್ ಹಾಗೂ ನಿರ್ದೇಶಕ ಗ್ರಿಫಿತ್ ತಮ್ಮದೇ ಆದ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ಹಂಚಿಕೆ ಸಂಸ್ಥೆಯನ್ನು ತೆರೆದರು. ನಿರ್ಮಾಪಕ, ಹಂಚಿಕೆದಾರ, ಪ್ರದರ್ಶಕ, ತಾರೆ, ಈ ನಾಲ್ವರ ನಡುವಿನ ಹಗ್ಗಜಗ್ಗಾಟದ ಎಲ್ಲ ಪಟ್ಟುಗಳೂ ಈ ಹತ್ತು ವರ್ಷಗಳಲ್ಲಿಯೇ ಪ್ರಕಟವಾದವು. ಮುಂದಿನ ನೂರು ವರ್ಷಗಳಲ್ಲಿ ಹೊಸದಾಗಿ ಸೇರಿದ್ದು ಸ್ವಲ್ಪವೇ ಎನ್ನಬಹುದು.

ಯುನೈಟೆಡ್ ಆರ್ಟಿಸ್ಟ್ಸ್‌ಗೆ ಎದುರಾದ ತೊಡಕು ಒಂದನ್ನು ಇಲ್ಲಿ ನೆನಪಿಡಬೇಕು. ತಾರೆಯರು ತಮಗೆ ಬೇಕಾದಷ್ಟು ನಿಧಾನವಾಗಿ ಚಿತ್ರ ಮಾಡತೊಡಗಿದರು. ಹಿಂದಿನ ಕರಾರುಗಳ ಕಾರಣದಿಂದ ಚಾಪ್ಲಿನ್ ಆ ಸಂಸ್ಥೆಗೆ ತನ್ನ ಮೊದಲ ಚಿತ್ರವನ್ನು ಕೊಟ್ಟದ್ದು 1923ರಲ್ಲಿ. ಚಿತ್ರಮಂದಿರಕ್ಕಾದರೋ ವಾರ ವಾರವೂ ಸರಕು ಬೇಕು.

ಒಂದು ಅಭಿನಯ, ಸಾವಿರ ಪ್ರತಿ

ತಾರೆಯ ಕೂಲಿ ಇಷ್ಟು ಏರಲು ಕಾರಣವೇನು? ಅರ್ಥಶಾಸ್ತ್ರಜ್ಞ ಶೆರ್ವಿನ್ ರೋಸನ್ 1981ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನವೊಂದರಲ್ಲಿ ಇದಕ್ಕೆ ಉತ್ತರ ನೀಡಿದ್ದಾರೆ. ಅದರ ತಿರುಳನ್ನು ನಮ್ಮ ನಾಡಿನ ಉದಾಹರಣೆಯಿಂದಲೇ ವಿವರಿಸಬಹುದು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನಟನೆಷ್ಟೇ ಸಮರ್ಥನಾಗಿದ್ದರೂ ಒಂದು ರಾತ್ರಿಗೆ ಒಂದೇ ಥಿಯೇಟರಿನಲ್ಲಿ ಅಭಿನಯಿಸಬಲ್ಲ. ಅವನ ಗಳಿಕೆಗೆ ಕುರ್ಚಿಗಳ ಸಂಖ್ಯೆಯೇ ಮಿತಿ. ಪಕ್ಕದ ಊರಿನ ಪ್ರೇಕ್ಷಕನು ಅವನಿಗಿಂತ ಕೊಂಚ ಕಡಿಮೆ ಸಾಮರ್ಥ್ಯದ ನಟನಿಗೆ ತೃಪ್ತನಾಗಲೇಬೇಕು. ಆದ್ದರಿಂದ ಎರಡನೆಯ ದರ್ಜೆಯ ನಟನಿಗೂ ಅನ್ನವಿತ್ತು. ಅದೇ ಕಂಪನಿಯಿಂದ ಬಂದ ರಾಜ್‌ಕುಮಾರ್ ಅವರ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಅಭಿನಯವಾದರೋ ಪ್ರತಿಗಳ ರೂಪದಲ್ಲಿ ಹಲವು ಊರುಗಳಲ್ಲಿ ಏಕಕಾಲಕ್ಕೆ ಪ್ರದರ್ಶನಗೊಳ್ಳಬಲ್ಲುದಾಗಿತ್ತು. ಪ್ರತಿ ತೆಗೆಯಲು ನಟನಿಗೆ ಹೆಚ್ಚಿನ ಶ್ರಮವಿಲ್ಲ. ಉತ್ತಮನೇ ಎಲ್ಲ ಊರಿಗೂ ಒದಗುವಾಗ ಎರಡನೆಯವನನ್ನು ಕೇಳುವವರು ಕಡಿಮೆಯಾಗುತ್ತಾರೆ. ಸಾಮರ್ಥ್ಯದಲ್ಲಿನ ಅಲ್ಪ ಅಂತರ ಗಳಿಕೆಯಲ್ಲಿ ಅಗಾಧ ಅಂತರವಾಗಿ ಮಾರ್ಪಡುವುದು ಹೀಗೆ.

ಭಾರತದ ಚಿತ್ರರಂಗದಲ್ಲಿ ಈ ಬದಲಾವಣೆ ನಲವತ್ತರ ದಶಕದಲ್ಲಿ ಕಾಣಿಸಿಕೊಂಡಿತು. ಅದುವರೆಗೆ ಪ್ರಭಾತ್, ನ್ಯೂ ಥಿಯೇಟರ್ಸ್, ಬಾಂಬೆ ಟಾಕೀಸ್ ಮುಂತಾದ ಸ್ಟುಡಿಯೋಗಳು ನಟರನ್ನು ತಿಂಗಳ ಸಂಬಳದ ಮೇಲೆ ನೇಮಿಸಿಕೊಳ್ಳುತ್ತಿದ್ದವು. ಯುದ್ಧಕಾಲದಲ್ಲಿ ದಿಢೀರ್ ಹಣ ಕಂಡವರು ಚಿತ್ರ ನಿರ್ಮಾಣಕ್ಕೆ ಇಳಿದಾಗ, ಅವರ ಬಳಿ ಸ್ಟುಡಿಯೋ ಇರಲಿಲ್ಲ, ಹೆಸರೂ ಇರಲಿಲ್ಲ. ಅವರು ಸ್ಟುಡಿಯೋದ ನಟನನ್ನೇ ಹೆಚ್ಚಿನ ಮೊತ್ತಕ್ಕೆ ಎಳೆದುಕೊಂಡರು. 1949ರಲ್ಲಿ ನೇಮಕಗೊಂಡು 1951ರಲ್ಲಿ ವರದಿ ನೀಡಿದ ಎಸ್.ಕೆ. ಪಾಟೀಲ್ ಅಧ್ಯಕ್ಷತೆಯ ಚಲನಚಿತ್ರ ವಿಚಾರಣಾ ಸಮಿತಿ ಈ ಬೆಳವಣಿಗೆಯನ್ನು ಕಳವಳದಿಂದಲೇ ಗುರುತಿಸಿತ್ತು. ಅಲ್ಲಿಂದ 1998ರಲ್ಲಿ ಕೇಂದ್ರ ಸರ್ಕಾರ ಚಿತ್ರರಂಗಕ್ಕೆ ಉದ್ಯಮದ ಮಾನ್ಯತೆ ಘೋಷಿಸುವವರೆಗೆ ಬ್ಯಾಂಕುಗಳು ಈ ಕ್ಷೇತ್ರದಿಂದ ಬಹುಮಟ್ಟಿಗೆ ದೂರವೇ ಉಳಿದವು. ಜಮೀನು, ಯಂತ್ರ, ದಾಸ್ತಾನು ಯಾವುದೂ ಇಲ್ಲದ ನಿರ್ಮಾಪಕನು ಖಾಸಗಿ ಲೇವಾದೇವಿಗಾರನ ಮುಂದಿಡಬಹುದಾಗಿದ್ದ ಆಧಾರ ಒಂದೇ: ಇಂತಹ ನಟನು ಇಂತಿಷ್ಟು ದಿನಗಳ ಕಾಲ್‌ಶೀಟ್ ಕೊಟ್ಟಿದ್ದಾನೆ ಎಂಬುದು. ತಾರೆಯ ಬೆಲೆಯಲ್ಲಿ ಕಲೆಯ ಪಾಲೆಷ್ಟು, ಅಡಮಾನದ ಪಾಲೆಷ್ಟು ಎಂಬುದನ್ನು ಬೇರ್ಪಡಿಸುವುದು ಸುಲಭವಲ್ಲ. ಎರಡನೆಯದು ಕಡಿಮೆಯಂತೂ ಅಲ್ಲ.

ಹಂಚಿಕೆದಾರನು ಕೊಳ್ಳುವುದೇನನ್ನು?

ಕನ್ನಡ ಚಿತ್ರಗಳ ಹಂಚಿಕೆಗಾಗಿ ರಾಜ್ಯವನ್ನು ಬಿ.ಕೆ.ಟಿ. ಎಂದು ಕರೆಯಲಾಗುವ ಬೆಂಗಳೂರು-ಕೋಲಾರ-ತುಮಕೂರು, ಎಂ.ಎಂ.ಸಿ.ಎಚ್. ಎನ್ನಲಾಗುವ ಮೈಸೂರು-ಮಂಡ್ಯ-ಚಾಮರಾಜನಗರ-ಹಾಸನ ಮೊದಲಾದ ಪ್ರದೇಶಗಳಾಗಿ ವಿಂಗಡಿಸುವುದು ಗಾಂಧಿನಗರದ ವಾಡಿಕೆ. ಪ್ರದೇಶದ ಹಕ್ಕು ಕೈಬದಲಾಗುವ ವಿಧಾನಗಳು ಮುಖ್ಯವಾಗಿ ಮೂರು. ಮಿನಿಮಮ್ ಗ್ಯಾರಂಟಿ ಅಂದರೆ ಎಂ.ಜಿ. ಕ್ರಮದಲ್ಲಿ ಹಂಚಿಕೆದಾರನು ಕೊಟ್ಟ ಮೊತ್ತ ಮರಳಿ ಬರುವುದಿಲ್ಲ. ಮುಂಗಡದ ಕ್ರಮದಲ್ಲಿ ಕೊರತೆ ಬಿದ್ದರೆ ನಿರ್ಮಾಪಕನು ಹಿಂದಿರುಗಿಸಬೇಕು. ಕಮಿಷನ್ ಕ್ರಮದಲ್ಲಿ ಹಂಚಿಕೆದಾರನು ಕೇವಲ ಸೇವೆ ಸಲ್ಲಿಸಿ ಗಳಿಕೆಯಲ್ಲಿ ಇಂತಿಷ್ಟು ಪಡೆಯುತ್ತಾನೆ.

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಹಂಚಿಕೆದಾರನೊಬ್ಬನು ಒಂದು ಪ್ರದೇಶಕ್ಕೆ ಒಂದು ಕೋಟಿ ರೂ. ಎಂ.ಜಿ. ಕೊಟ್ಟು, ಪ್ರಚಾರಕ್ಕಾಗಿ ಹತ್ತು ಲಕ್ಷ ರೂ. ವೆಚ್ಚ ಮಾಡಿದನೆಂದಿಟ್ಟುಕೊಳ್ಳೋಣ. ಚಿತ್ರಮಂದಿರದ ಬಾಡಿಗೆ ಕಳೆದು 1 ಕೋಟಿ 60 ಲಕ್ಷ ರೂ. ಬಂದರೆ, ತೊಡಗಿಸಿದ 1 ಕೋಟಿ 10 ಲಕ್ಷವನ್ನು ಅವನು ಮೊದಲು ತೆಗೆದುಕೊಳ್ಳುತ್ತಾನೆ. ಅದರ ಮೇಲೆ ಶೇ. 20ರ ಕಮಿಷನ್ ಒಪ್ಪಂದವಾಗಿದ್ದರೆ 22 ಲಕ್ಷ ಅವನದು. ಉಳಿದ 28 ಲಕ್ಷ ಓವರ್‌ಫ್ಲೋ. ಅದರಲ್ಲಿ ಅರ್ಧ ಪಾಲಿನಂತೆ 14 ಲಕ್ಷ ಸೇರಿ ಒಟ್ಟು ಲಾಭ 36 ಲಕ್ಷ ರೂ. ಬಂದದ್ದು 80 ಲಕ್ಷವೇ ಆದರೆ 30 ಲಕ್ಷದ ನಷ್ಟ ಪೂರ್ತಿ ಅವನದೇ. ನಿರ್ಮಾಪಕನ ಒಂದು ಕೋಟಿ ಆಗಲೇ ಅವನ ಕೈ ಸೇರಿದೆ. ಅದರ ಬಹುಭಾಗ ಅದಾಗಲೇ ತಾರೆಗೆ ಸಂದಾಯವಾಗಿದೆ. ತಾರೆಯಿಲ್ಲದ ಚಿತ್ರಕ್ಕೆ ಇದೇ ಹಂಚಿಕೆದಾರನು ಎಂ.ಜಿ. ಕೊಡುವುದೇ ಅಪರೂಪ, ಕಮಿಷನ್‌ಗೆ ಮಾತ್ರ ಒಪ್ಪುತ್ತಾನೆ. ಅಂದರೆ, ಮುಂಗಡದಿಂದ ಎಂ.ಜಿ.ಗೆ, ಕಮಿಷನ್‌ನಿಂದ ಮುಂಗಡಕ್ಕೆ ಕರಾರನ್ನು ಏರಿಸಿ, ನಷ್ಟದ ಸಂಭವವನ್ನು ನಿರ್ಮಾಪಕನ ಹೆಗಲಿನಿಂದ ಹಂಚಿಕೆದಾರನ ಹೆಗಲಿಗೆ ದಾಟಿಸುವ ಶಕ್ತಿಯೇ ತಾರಾಮೌಲ್ಯದ ನಿಜವಾದ ವಾಣಿಜ್ಯ ಅರ್ಥ. ನಷ್ಟದ ಸಂಭವ ಇದರಿಂದ ಕಡಿಮೆಯಾಗುವುದಿಲ್ಲ, ಕೈಬದಲಾಗುತ್ತದೆ, ಅಷ್ಟೇ.

ಕರ್ನಾಟಕದ ಏಕಪರದೆಯ ಚಿತ್ರಮಂದಿರಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ವಾರದ ಬಾಡಿಗೆ ಪದ್ಧತಿ ಈ ಹೊರೆಯನ್ನು ಇನ್ನಷ್ಟು ಏರಿಸುತ್ತದೆ. ಪ್ರೇಕ್ಷಕರು ಬರಲಿ ಬಿಡಲಿ, ಮಾಲೀಕನ ಬಾಡಿಗೆ ನಿಶ್ಚಿತ. ಶೇಕಡಾವಾರು ಪದ್ಧತಿ ಬರಬೇಕೆಂದು ನಿರ್ಮಾಪಕರು ಹಲವು ಬಾರಿ ಒತ್ತಾಯಿಸಿದ್ದಾರೆ. ಮಾಲೀಕರ ವಾದವೂ ಪೂರ್ಣ ಅಸಂಗತವಲ್ಲ: ವಿದ್ಯುತ್ ಬಿಲ್ಲು, ನೌಕರರ ಸಂಬಳಗಳು ಚಿತ್ರದ ಯಶಸ್ಸಿಗೆ ಕಾಯುವುದಿಲ್ಲ.

ಮಲ್ಟಿಪ್ಲೆಕ್ಸ್‌ಗಳ ಶೇಕಡಾವಾರು ಪದ್ಧತಿಯಲ್ಲಿ ತಾರೆಗೆ ಅನುಕೂಲವಾದ ಒಂದು ಅಂಶ ಅಡಗಿದೆ. ಹಿಂದಿ ಚಿತ್ರ ನಿರ್ಮಾಪಕರಿಗೂ ಮಲ್ಟಿಪ್ಲೆಕ್ಸ್ ಮಾಲೀಕರಿಗೂ 2009ರಲ್ಲಿ ಎರಡು ತಿಂಗಳ ಕಾಲ ನಡೆದ ಜಟಾಪಟಿಯ ಕೊನೆಯಲ್ಲಿ ಆದ ಒಪ್ಪಂದದಂತೆ ಗಳಿಕೆಯಲ್ಲಿ ನಿರ್ಮಾಪಕ-ಹಂಚಿಕೆದಾರರ ಪಾಲು ಮೊದಲ ವಾರ ಶೇ. 50, ಎರಡನೆಯ ವಾರ ಶೇ. 42.5, ಮೂರನೆಯ ವಾರ ಶೇ. 37.5, ಬಳಿಕ ಶೇ. 30. ಮೊದಲ ವಾರದ ಟಿಕೆಟ್ಟಿನಲ್ಲಿ ಹಂಚಿಕೆದಾರನಿಗೆ ಅರ್ಧ ದೊರೆತರೆ, ನಾಲ್ಕನೆಯ ವಾರದ ಟಿಕೆಟ್ಟಿನಲ್ಲಿ ಮೂರನೆಯ ಒಂದು ಭಾಗವೂ ದೊರೆಯುವುದಿಲ್ಲ. ತಾರೆ ಖಚಿತವಾಗಿ ತರಬಲ್ಲುದು ಮೊದಲ ಮೂರು ದಿನಗಳ ಜನಸಂದಣಿಯನ್ನು. ನಾಲ್ಕನೆಯ ವಾರಕ್ಕೆ ಜನರನ್ನು ಕರೆತರುವುದು ಚಿತ್ರ, ಮತ್ತು ನೋಡಿ ಬಂದವರ ಮಾತು. ‘ಬಂಗಾರದ ಮನುಷ್ಯ’ 1972ರಲ್ಲಿ ತೆರೆಕಂಡು ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿದಾಗ ರಾಜ್‌ಕುಮಾರ್ ಅವರ ಹೆಸರು ಮೊದಲ ವಾರವನ್ನು ತುಂಬಿತೆನ್ನಬಹುದು. ನೂರನೆಯ ವಾರವನ್ನು ತುಂಬಿದ್ದು ಹೆಸರೊಂದೇ ಎನ್ನಲಾಗದು. ಹಂಚಿಕೆಯ ಕರಾರುಗಳು ಮೊದಲ ವಾರವನ್ನು ಹೆಚ್ಚು ಪುರಸ್ಕರಿಸುತ್ತಿರುವಷ್ಟು ಕಾಲ ಮೊದಲ ವಾರದ ಒಡೆಯನಾದ ತಾರೆಯ ಬೆಲೆ ಇಳಿಯುವ ಸಂಭವ ಕಡಿಮೆ.

ನಷ್ಟ ಯಾರದು?

ಎಂ.ಜಿ. ಕೊಟ್ಟು ಸೋತವನಿಗೆ ಕಾನೂನಿನ ಪ್ರಕಾರ ಕೇಳುವ ಹಕ್ಕಿಲ್ಲ. ಆದರೂ ಕೇಳುತ್ತಾನೆ, ಮತ್ತು ಕೆಲವೊಮ್ಮೆ ಪಡೆಯುತ್ತಾನೆ. ರಜನಿಕಾಂತ್ ತಾವೇ ನಿರ್ಮಿಸಿ ಅಭಿನಯಿಸಿದ ‘ಬಾಬಾ’ 2002ರಲ್ಲಿ ಭಾರಿ ದರಕ್ಕೆ ಮಾರಾಟವಾಗಿ, ನಿರೀಕ್ಷೆಯಷ್ಟು ಗಳಿಸದೆ ಹೋಯಿತು. ನಷ್ಟ ಹೊಂದಿದ ಹಂಚಿಕೆದಾರರಿಗೆ ಅವರು ಹಣ ಮರಳಿಸಿದರು. ಧರ್ಮದ ದೃಷ್ಟಿಯಿಂದ ಇದನ್ನು ಕೊಂಡಾಡಿದವರು ಬಹಳ. ವ್ಯಾಪಾರದ ದೃಷ್ಟಿಯಿಂದ ನೋಡಿದರೂ ಅದು ಬುದ್ಧಿವಂತಿಕೆಯ ನಡೆಯೇ ಆಗಿತ್ತು. 2005ರಲ್ಲಿ ತೆರೆಕಂಡ ಅವರ ಮುಂದಿನ ಚಿತ್ರ ‘ಚಂದ್ರಮುಖಿ’ಯನ್ನು ಕೊಳ್ಳಲು ಹಂಚಿಕೆದಾರರಿಗೆ ಅಳುಕಿರಲಿಲ್ಲ. ಆ ಬಾರಿ ಕಥೆಯ ಆಯ್ಕೆಯಲ್ಲಿಯೂ ಎಚ್ಚರ ಕಾಣುತ್ತದೆ: ವಿಷ್ಣುವರ್ಧನ್ ಅಭಿನಯಿಸಿ, ಸಾಲದಲ್ಲಿದ್ದ ನಿರ್ಮಾಪಕ ದ್ವಾರಕೀಶ್ ಅವರನ್ನು 2004ರಲ್ಲಿ ಮೇಲೆತ್ತಿದ ‘ಆಪ್ತಮಿತ್ರ’ದ ಕಥೆಯೇ ಅದು, ಅದಕ್ಕೂ ಮೂಲ 1993ರ ಮಲಯಾಳಂ ಚಿತ್ರ. ಎರಡು ಭಾಷೆಗಳಲ್ಲಿ ಪರೀಕ್ಷೆಗೊಳಗಾದ ಸರಕಿನ ಮೇಲೆ ಮೂರನೆಯ ಭಾಷೆಯಲ್ಲಿ ತಾರೆಯ ಮುದ್ರೆ ಬಿದ್ದಿತು.

ಕನ್ನಡದ ನಿರ್ಮಾಪಕ ರಾಕ್‌ಲೈನ್ ವೆಂಕಟೇಶ್ ಅವರ ‘ಲಿಂಗಾ’ 2014ರ ಡಿಸೆಂಬರ್ 12ರಂದು, ರಜನಿಕಾಂತ್ ಅವರ ಹುಟ್ಟುಹಬ್ಬದ ದಿನವೇ ತೆರೆಕಂಡಾಗ ವಿಷಯ ಅಷ್ಟು ಸುಗಮವಾಗಲಿಲ್ಲ. ಇಲ್ಲಿ ತಾರೆಯೇ ನಿರ್ಮಾಪಕರಾಗಿರಲಿಲ್ಲ. ಹಕ್ಕುಗಳು ನಿರ್ಮಾಪಕರಿಂದ ದೊಡ್ಡ ಕಂಪನಿಯೊಂದಕ್ಕೆ, ಅಲ್ಲಿಂದ ಪ್ರದೇಶವಾರು ಹಂಚಿಕೆದಾರರಿಗೆ ಕೈಬದಲಾಗಿದ್ದವು. ಪ್ರತಿ ಕೈಯಲ್ಲಿಯೂ ಬೆಲೆ ಒಂದಿಷ್ಟು ಏರುವುದು ಸಹಜ. ನಷ್ಟವಾಯಿತೆಂದು ತಮಿಳುನಾಡಿನ ಹಂಚಿಕೆದಾರರು 2015ರ ಜನವರಿಯಲ್ಲಿ ಚೆನ್ನೈನಲ್ಲಿ ಉಪವಾಸ ಕುಳಿತರು. ತಿಂಗಳುಗಟ್ಟಲೆ ಮಾತುಕತೆ ನಡೆದು ನಷ್ಟದ ಒಂದು ಭಾಗವನ್ನು ಭರಿಸುವ ಇತ್ಯರ್ಥವಾಯಿತು. ಸರಪಳಿಯ ಮೊದಲ ಕೊಂಡಿಗಳು ತಮ್ಮ ಲಾಭವನ್ನು ಮುಂಚಿತವಾಗಿ ಪಡೆದಿರುವಾಗ ಕೊನೆಯ ಕೊಂಡಿಯು ಹಣ ಕೇಳಬೇಕಾದುದು ಯಾರನ್ನು ಎಂಬುದೇ ಅಲ್ಲಿನ ವಿವಾದದ ಮೂಲವಾಗಿತ್ತು. ಹಂಚಿಕೆದಾರರು ತಾರೆಯ ಮನೆಯತ್ತ ನೋಡಿದ್ದರಲ್ಲಿ ಆಶ್ಚರ್ಯವಿಲ್ಲ; ಅವರು ಕೊಂಡದ್ದು ಆ ಹೆಸರನ್ನು. ಮರಳಿ ಕೊಡುವುದು ಕರಾರಿನಲ್ಲಿ ಇಲ್ಲದೆ ಕೇವಲ ತಾರೆಯ ಔದಾರ್ಯಕ್ಕೆ ಬಿಟ್ಟ ವಿಷಯವಾಗಿರುವುದು ಉದ್ಯಮದ ದೌರ್ಬಲ್ಯವೆಂದೇ ಹೇಳಬೇಕು.

ನಿಗದಿತ ಮೊತ್ತಕ್ಕೆ ಬದಲು ಪಾಲು ಪಡೆಯುವ ಪದ್ಧತಿ ಹೊಸದೇನಲ್ಲ. ಹಾಲಿವುಡ್‌ನ ಜೇಮ್ಸ್ ಸ್ಟುವರ್ಟ್ 1950ರ ‘ವಿಂಚೆಸ್ಟರ್ 73’ ಚಿತ್ರಕ್ಕೆ ತನ್ನ ಎಂದಿನ ಸಂಭಾವನೆಯನ್ನು ಬಿಟ್ಟು ಲಾಭದ ಪಾಲನ್ನು ಒಪ್ಪಿಕೊಂಡನು. ಚಿತ್ರ ಗೆದ್ದು, ಸಂಭಾವನೆಗಿಂತ ಎಷ್ಟೋ ಹೆಚ್ಚು ಗಳಿಸಿದನು. ಆದರೆ ಲಾಭ ಎಂಬುದು ಲೆಕ್ಕ ಬರೆಯುವವನ ಕೈಯಲ್ಲಿರುವ ವಸ್ತು. ಆದ್ದರಿಂದ ಮುಂದೆ ದೊಡ್ಡ ತಾರೆಯರು ಲಾಭದ ಬದಲು ಒಟ್ಟು ಗಳಿಕೆಯಲ್ಲಿಯೇ ಪಾಲು ಕೇಳತೊಡಗಿದರು. ಪಾಲು ಮೇಲಿನಿಂದಲೇ ಹೋಗುವಾಗ ಹಣ ಹೂಡಿದವನು ಮತ್ತೆ ಕೊನೆಗೆ ನಿಲ್ಲುತ್ತಾನೆ. ಪಾಲಿನ ಕರಾರೆಲ್ಲವೂ ನ್ಯಾಯವಾದುದೆಂದು ಭಾವಿಸುವಂತಿಲ್ಲ.

ಅಧ್ಯಯನಗಳು ಕಂಡುಕೊಂಡದ್ದು

ತಾರೆಯಿಂದ ಚಿತ್ರ ಗೆಲ್ಲುತ್ತದೆಯೇ ಎಂಬುದನ್ನು ಅಂಕಿ-ಅಂಶಗಳಿಂದ ಪರೀಕ್ಷಿಸುವ ಯತ್ನಗಳು ನಡೆದಿವೆ. ಅಮೆರಿಕದ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳನ್ನು ಪರಿಶೀಲಿಸಿದ ಆರ್ಥರ್ ಡಿ ವಾನಿ ಮತ್ತು ಡೇವಿಡ್ ವಾಲ್ಸ್ 1999ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ತಾರೆಯರಿರುವ ಚಿತ್ರಗಳಲ್ಲಿಯೂ ಗಳಿಕೆಯ ಏರಿಳಿತ ಎಷ್ಟು ವಿಪರೀತವೆಂದರೆ ಸರಾಸರಿಯನ್ನು ನಂಬಿ ಮುನ್ಸೂಚನೆ ಕೊಡುವುದು ಅರ್ಥಹೀನವೆಂದು ತೋರಿಸಿದರು. ಅದೇ ವರ್ಷ ಅಬ್ರಹಾಂ ರಾವಿದ್ ಅವರ ಅಧ್ಯಯನವು ತಾರೆಯರಿರುವುದರಿಂದ ಚಿತ್ರದ ಲಾಭದ ದರ ಹೆಚ್ಚುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದಿತು. ತಾರೆ ಹೆಚ್ಚುವರಿಯಾಗಿ ತಂದದ್ದನ್ನು ಬಹುಮಟ್ಟಿಗೆ ತಾರೆಯೇ ಸಂಭಾವನೆಯ ರೂಪದಲ್ಲಿ ಕೊಂಡೊಯ್ಯುತ್ತಾನೆ. ಹಾರ್ವರ್ಡ್‌ನ ಅನಿತಾ ಎಲ್ಬರ್ಸ್ 2007ರಲ್ಲಿ ಬೇರೊಂದು ದಾರಿ ಹಿಡಿದರು. ಚಿತ್ರಗಳ ಗಳಿಕೆಯನ್ನು ಊಹಿಸುವ ಒಂದು ಅಂತರಜಾಲ ಆಟದ ಪೇಟೆಯಲ್ಲಿ, ನಟರು ಚಿತ್ರಕ್ಕೆ ಸೇರಿದ ಅಥವಾ ಬಿಟ್ಟ 1,200ಕ್ಕೂ ಹೆಚ್ಚು ಪ್ರಕಟಣೆಗಳು ಬಂದಾಗ ಊಹೆ ಎಷ್ಟು ಬದಲಾಯಿತೆಂದು ಅಳೆದರು. ಒಬ್ಬ ತಾರೆಯಿಂದ ಚಿತ್ರಮಂದಿರದ ಗಳಿಕೆಗೆ ಸರಾಸರಿ ಸುಮಾರು 30 ಲಕ್ಷ ಡಾಲರ್ ಸೇರುತ್ತದೆಂದು ಕಂಡುಬಂದಿತು. ಆದರೆ ಚಿತ್ರವನ್ನು ಬಿಡುಗಡೆ ಮಾಡುವ ಕಂಪನಿಯ ಷೇರಿನ ಮೌಲ್ಯ ಹೆಚ್ಚಿದುದಕ್ಕೆ ಆಧಾರ ದೊರೆಯಲಿಲ್ಲ. ಒಳ್ಳೆಯ ಜಾಗದಲ್ಲಿರುವ ಮಳಿಗೆಯಿಂದ ವ್ಯಾಪಾರ ಹೆಚ್ಚುವುದು ನಿಜ. ಬಾಡಿಗೆಯೂ ಅಷ್ಟೇ ಹೆಚ್ಚಾಗಿದ್ದರೆ ಲಾಭ ಮಳಿಗೆಯ ಒಡೆಯನಿಗೆ, ವ್ಯಾಪಾರಿಗಲ್ಲ. ಪೇಟೆ ಬೀದಿಯ ಯಾವ ವರ್ತಕನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಾಂಧಿನಗರದ ಅನುಭವ

ಕನ್ನಡದಲ್ಲಿ ಕಲಾವಿದರೇ ಬಂಡವಾಳದ ಹೊಣೆ ಹೊತ್ತ ಪರಂಪರೆ ಹಳೆಯದು. ಚಿತ್ರಗಳ ಅಭಾವದ ಕಾಲದಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಅವರು ಕಲಾವಿದರ ಸಂಘ ಕಟ್ಟಿಕೊಂಡು, ನಾಟಕವಾಡಿ, 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನು ತೆರೆಗೆ ತಂದರು. ಎಪ್ಪತ್ತರ ದಶಕದಿಂದ ಪಾರ್ವತಮ್ಮ ರಾಜ್‌ಕುಮಾರ್ ಅವರು ನಡೆಸಿದ ನಿರ್ಮಾಣ ಮತ್ತು ಹಂಚಿಕೆ ಸಂಸ್ಥೆಗಳು ಈ ದೃಷ್ಟಿಯಿಂದ ಅಧ್ಯಯನಯೋಗ್ಯವಾಗಿವೆ. ತಾರೆ ಮನೆಯವನೇ ಆದ್ದರಿಂದ ಸಂಭಾವನೆಯ ಮೊತ್ತ ಸಾಲದ ಹೊರೆಯಾಗುತ್ತಿರಲಿಲ್ಲ. ಗೆದ್ದರೆ ಗಳಿಕೆ, ಸೋತರೆ ನಷ್ಟ, ಎರಡೂ ಒಂದೇ ಮನೆಗೆ ಸೇರುತ್ತಿದ್ದವು. ಜನಪ್ರಿಯ ಕಾದಂಬರಿಗಳನ್ನು ಕಥಾವಸ್ತುವಾಗಿ ಆರಿಸಿಕೊಂಡದ್ದರಲ್ಲಿಯೂ ಹೂಡಿಕೆದಾರನ ಎಚ್ಚರವಿತ್ತು.

ತಾರೆಯಿಲ್ಲದೆ ಗೆದ್ದ ಚಿತ್ರಗಳ ಮಾತು ಬಂದಾಗ 2006ರ ಡಿಸೆಂಬರ್ ಕೊನೆಯಲ್ಲಿ ಬಂದ ‘ಮುಂಗಾರು ಮಳೆ’ಯನ್ನು ಎಲ್ಲರೂ ನೆನೆಯುತ್ತಾರೆ. ಅಂದು ಗಣೇಶ್ ಅವರ ಹೆಸರಿಗೆ ಎಂ.ಜಿ. ಹುಟ್ಟುವ ಸ್ಥಿತಿ ಇರಲಿಲ್ಲ. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಚಿತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿದ ಮೇಲೆ ಹೆಸರು ತಾನಾಗಿಯೇ ಬೆಲೆ ಪಡೆಯಿತು. 2022ರ ‘ಕಾಂತಾರ’ದ ವಿಷಯದಲ್ಲಿಯೂ ಅಷ್ಟೇ: ಕನ್ನಡದಲ್ಲಿ ಸೆಪ್ಟೆಂಬರ್ 30ರಂದು ತೆರೆಕಂಡು, ಜನರ ಬಾಯಿಮಾತಿನ ಬಲದಿಂದಲೇ ಎರಡು ವಾರದಲ್ಲಿ ಹಿಂದಿಗೆ ಡಬ್ ಆಗಿ ಹೋಯಿತು. ಉತ್ತರ ಭಾರತದಲ್ಲಿ ರಿಷಬ್ ಶೆಟ್ಟಿ ತಾರೆಯಾದದ್ದು ಆ ಚಿತ್ರ ಗೆದ್ದ ನಂತರ. ಗೆಲುವು ತಾರೆಯನ್ನು ಹುಟ್ಟಿಸುವುದು ತಾರೆ ಗೆಲುವನ್ನು ಹುಟ್ಟಿಸುವುದಕ್ಕಿಂತ ಹೆಚ್ಚು ಸಾಮಾನ್ಯ. ಆದರೆ ಇಂತಹ ಉದಾಹರಣೆ ಒಂದಕ್ಕೆ ಎದುರಾಗಿ, ಹೊಸಬರ ಎಷ್ಟೋ ಚಿತ್ರಗಳು ಪ್ರತಿ ವರ್ಷ ಒಂದು ವಾರವೂ ನಿಲ್ಲದೆ ಹಿಂದಿರುಗುತ್ತವೆ ಎಂಬುದನ್ನು ಮರೆತರೆ ಲೆಕ್ಕ ತಪ್ಪುತ್ತದೆ.

‘ಕೆ.ಜಿ.ಎಫ್.’ ಚಿತ್ರಗಳ ಅಖಿಲ ಭಾರತ ಯಶಸ್ಸಿನ ನಂತರ ಕನ್ನಡದ ಪ್ರಮುಖ ತಾರೆಯರು ಒಂದು ಚಿತ್ರಕ್ಕೆ ಎರಡು-ಮೂರು ವರ್ಷ ವ್ಯಯಿಸುವುದು ವಾಡಿಕೆಯಾಯಿತು. ತಾರೆಗೆ ಇದು ಲಾಭಕರವೇ. ಆದರೆ 2024ರ ಮೊದಲಾರ್ಧದಲ್ಲಿ ದೊಡ್ಡ ಚಿತ್ರಗಳಿಲ್ಲದೆ ರಾಜ್ಯದ ಏಕಪರದೆಯ ಚಿತ್ರಮಂದಿರಗಳು ಬಾಗಿಲು ಹಾಕುವ ಸ್ಥಿತಿಗೆ ಬಂದು, ವರ್ಷಕ್ಕೆ ಎರಡಾದರೂ ಚಿತ್ರ ಮಾಡಿರೆಂದು ಪ್ರದರ್ಶಕರು ತಾರೆಯರನ್ನು ಕೋರಬೇಕಾಯಿತು. ಯುನೈಟೆಡ್ ಆರ್ಟಿಸ್ಟ್ಸ್‌ನ ನೂರು ವರ್ಷ ಹಿಂದಿನ ತೊಡಕು ಗಾಂಧಿನಗರದಲ್ಲಿ ಮರುಕಳಿಸಿತು. ಚಿತ್ರಮಂದಿರದ ಜೊತೆಗೆ ಅದರೆದುರಿನ ಕ್ಯಾಂಟೀನು, ಸೈಕಲ್ ಸ್ಟ್ಯಾಂಡು, ಭಿತ್ತಿಪತ್ರ ಮುದ್ರಿಸುವ ಪ್ರೆಸ್ಸು, ಕಟೌಟ್ ಕಟ್ಟುವವರು, ಎಲ್ಲರ ಸಂಪಾದನೆಯೂ ನಿಲ್ಲುತ್ತದೆ. ತಾರೆ ಚಿತ್ರ ಮಾಡದಿರುವುದರ ಬೆಲೆ ಯಾವ ಬಾಕ್ಸ್ ಆಫೀಸ್ ಲೆಕ್ಕದಲ್ಲಿಯೂ ಕಾಣಿಸುವುದಿಲ್ಲ.

ಸರಕಿನ ಮೇಲೆ ತಾರೆಯ ಮುಖ

ಸಿನಿಮಾದ ಆಚೆ, ಸಾಬೂನಿನಿಂದ ಸಿಮೆಂಟಿನವರೆಗೆ ತಾರೆಯ ಮುಖ ಬಳಕೆಯಾಗುವುದು ನಮ್ಮ ಓದುಗರಿಗೆ ಹೆಚ್ಚು ಸಮೀಪದ ವಿಷಯ. ಭಾರತದಲ್ಲಿ ಲಕ್ಸ್ ಸಾಬೂನು 1941ರಲ್ಲಿ ಲೀಲಾ ಚಿಟ್ನಿಸ್ ಅವರೊಡನೆ ಆರಂಭಿಸಿದ ಪದ್ಧತಿ ಇದು. 2025ರ ಮೇ ತಿಂಗಳಲ್ಲಿ ಕರ್ನಾಟಕ ಸೋಪ್ಸ್ ಅಂಡ್ ಡಿಟರ್ಜೆಂಟ್ಸ್ ಸಂಸ್ಥೆ ಮೈಸೂರು ಸ್ಯಾಂಡಲ್ ಸಾಬೂನಿನ ರಾಯಭಾರಿಯಾಗಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷ ಎರಡು ದಿನಗಳ ಅವಧಿಗೆ 6.20 ಕೋಟಿ ರೂ.ಗೆ ನೇಮಿಸಿದಾಗ, ಕನ್ನಡದ ತಾರೆಯರಿಲ್ಲವೇ ಎಂಬ ಆಕ್ಷೇಪ ಎದ್ದಿತು. ಹೊರ ರಾಜ್ಯಗಳ ಮಾರುಕಟ್ಟೆಯೇ ಉದ್ದೇಶವೆಂದು ಸರ್ಕಾರ ಸಮರ್ಥಿಸಿಕೊಂಡಿತು. ಆಕ್ಷೇಪ, ಸಮರ್ಥನೆ ಎರಡಕ್ಕೂ ಅವುಗಳದೇ ಆದ ತೂಕವಿದೆ. ಆದರೆ ರಾಯಭಾರಿಯ ಸಂಭಾವನೆ ಒಟ್ಟು ವೆಚ್ಚದ ಆರಂಭ ಮಾತ್ರ. ಅದನ್ನು ಬಳಸಿ ಜಾಹೀರಾತು ನಿರ್ಮಿಸಲು, ಪ್ರಸಾರ ಮಾಡಲು ಮತ್ತೆ ಹಣ ಬೇಕು. ಪ್ರಸಾರಕ್ಕೆ ಹಣವಿಲ್ಲದ ಸಣ್ಣ ತಯಾರಕನು ತಾರೆಗೆ ಹಣ ಸುರಿಯುವುದು ಬೀಜ ಕೊಂಡು ಬಿತ್ತದೆ ಇಟ್ಟಂತೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ಜಾಹೀರಾತುಗಳಿಂದ ದೂರವಿದ್ದ ರಾಜ್‌ಕುಮಾರ್ ಹಾಲು ಉತ್ಪಾದಕರ ಸಹಕಾರ ಮಹಾಮಂಡಳದ ನಂದಿನಿ ಹಾಲಿಗಾಗಿ ಸಂಭಾವನೆ ಪಡೆಯದೆ ಕಾಣಿಸಿಕೊಂಡರು. ಪುನೀತ್ ರಾಜ್‌ಕುಮಾರ್ ಅದೇ ದಾರಿಯಲ್ಲಿ ನಡೆದರು. ಹತ್ತು ಸರಕುಗಳನ್ನು ಹೊಗಳುವ ಮುಖಕ್ಕಿಂತ ಒಂದನ್ನೇ ಹೊಗಳುವ ಮುಖವನ್ನು ಗ್ರಾಹಕನು ಹೆಚ್ಚು ನಂಬುತ್ತಾನೆ. ಹೀಗಾಗಿ ಕರಾರಿನಲ್ಲಿ ಅವಧಿ, ಪ್ರದೇಶಗಳ ಜೊತೆಗೆ ತಾರೆ ಇನ್ನಾವ ಸರಕುಗಳನ್ನು ಪ್ರಚಾರ ಮಾಡುವಂತಿಲ್ಲ ಎಂಬುದನ್ನೂ, ಅಪಖ್ಯಾತಿಯ ಪ್ರಸಂಗ ಒದಗಿದರೆ ಕರಾರು ಮುರಿಯುವ ಹಕ್ಕನ್ನೂ ಸ್ಪಷ್ಟವಾಗಿ ಬರೆಸಿಕೊಳ್ಳುವುದು ಅಗತ್ಯ.

ಕಾನೂನಿನ ಎರಡು ಅಂಶಗಳನ್ನು ತಯಾರಕರು ತಿಳಿದಿರಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರೀಯ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕನಿಗೂ ಅನುಮೋದಿಸಿದ ತಾರೆಗೂ ಹತ್ತು ಲಕ್ಷ ರೂ.ವರೆಗೆ, ಮರುಕಳಿಸಿದರೆ ಐವತ್ತು ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ತಾರೆಯು ಒಂದು ವರ್ಷದವರೆಗೆ, ಮರುಕಳಿಸಿದರೆ ಮೂರು ವರ್ಷಗಳವರೆಗೆ ಯಾವ ಸರಕನ್ನೂ ಅನುಮೋದಿಸದಂತೆ ನಿರ್ಬಂಧಿಸಬಹುದು. ತಕ್ಕ ಎಚ್ಚರ ವಹಿಸಿ ಪರಿಶೀಲಿಸಿದ್ದೆನೆಂದು ತೋರಿಸಿದರೆ ತಾರೆ ಪಾರಾಗಬಹುದು. ಆದ್ದರಿಂದ ಸರಕಿನ ಗುಣಮಟ್ಟದ ಪರೀಕ್ಷಾ ವರದಿಗಳನ್ನು ತಾರೆಯ ಪ್ರತಿನಿಧಿಗಳು ಮುಂಚಿತವಾಗಿ ಕೇಳಿದರೆ ತಯಾರಕನು ಬೇಸರಿಸದೆ ಸಿದ್ಧವಾಗಿಟ್ಟುಕೊಳ್ಳಬೇಕು.

ಎರಡನೆಯದು, ಅನುಮತಿಯಿಲ್ಲದೆ ಚಿತ್ರ ಬಳಸುವ ಅಭ್ಯಾಸ. ಕ್ಯಾಲೆಂಡರಿನಲ್ಲಿ, ಊದಿನಕಡ್ಡಿಯ ಪೊಟ್ಟಣದಲ್ಲಿ, ಅಂಗಡಿಯ ಫಲಕದಲ್ಲಿ ತಾರೆಯ ಭಾವಚಿತ್ರ ಅಚ್ಚು ಹಾಕಿಸುವುದು ಅಭಿಮಾನವೆಂದು ಅನೇಕರು ತಿಳಿದಿದ್ದಾರೆ. ದೊಡ್ಡ ಕಂಪನಿಯ ಆಭರಣದ ಜಾಹೀರಾತಿಗಾಗಿ ತೆಗೆದ ಅಮಿತಾಭ್ ಮತ್ತು ಜಯಾ ಬಚ್ಚನ್ ಅವರ ಚಿತ್ರವನ್ನು ತನ್ನ ಫಲಕದಲ್ಲಿ ಬಳಸಿಕೊಂಡ ಆಭರಣ ಮಳಿಗೆಯೊಂದರ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯ 2012ರಲ್ಲಿ ತೀರ್ಪು ನೀಡಿತು. ರಜನಿಕಾಂತ್ ಅವರ ಹೆಸರು ಮತ್ತು ಶೈಲಿಯನ್ನು ಅನುಮತಿಯಿಲ್ಲದೆ ಬಳಸಿದ ಹಿಂದಿ ಚಿತ್ರವೊಂದರ ವಿಷಯದಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ 2015ರಲ್ಲಿ ಇದೇ ನಿಲುವನ್ನು ತಾಳಿತು. ಕರಾರಿನ ಅವಧಿ ಮುಗಿದ ಮೇಲೆ ಹಳೆಯ ಪೊಟ್ಟಣಗಳ ದಾಸ್ತಾನನ್ನು ಎಷ್ಟು ತಿಂಗಳು ಮಾರಬಹುದು ಎಂಬುದನ್ನೂ ಕರಾರಿನಲ್ಲಿಯೇ ನಮೂದಿಸಿಕೊಳ್ಳಬೇಕು. ಮುದ್ರಿತ ಪೊಟ್ಟಣಗಳು ಗೋದಾಮಿನಲ್ಲಿ ಉಳಿದರೆ ಆ ನಷ್ಟ ತಯಾರಕನದೇ.